ಚಿತ್ರದ ಬೆನ್ನು

ಇನ್ನೂ ಹೇಳಬಹುದು ಎಂದು ಕುಸುಮ ಮೂರನೆಯ ಸಲ ಅಂದುಕೊಂಡಾಗ ಬಸ್ಸು ಕೊಳ್ಳೇಗಾಲದ ಹೊರಗಿನ ಹಿಪ್ಪುನೇರಳೆ ತೋಟಗಳ ನಡುವೆ ಬಂದಿತ್ತು. ಪಕ್ಕದಲ್ಲಿ ಅತ್ತೆ ಪುಟ್ಟಮಾದಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡಿದ್ದಳು. ಟ್ರಂಕಿನ ಅಡಿಯಿಂದ ತೆಗೆದ ಬೂದು ಸೀರೆಯಲ್ಲಿ ಮಡಿಕೆಯ ಗೆರೆಗಳು ಹಾಗೇ ಇದ್ದವು. ಹನೂರು ಬಿಟ್ಟಾಗಿನಿಂದ ಅವಳ ತುಟಿ ಅಲ್ಲಾಡುತ್ತಿತ್ತು. ಸಿನಿಮಾಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು, ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ. ಹೇಳಬೇಕಾದ್ದು ಒಂದೇ ಮಾತು. ಅತ್ತೆ, ನಿನಗೆ ಗೊತ್ತಿರೋ ಹೆಸರುಗಳು ತಪ್ಪು, ವಾಪಸ್ ಹೋಗೋಣ. ಆದರೆ ಆ ಮಾತಿನ ಹಿಂದೆ ಇನ್ನೊಂದು ಬರುತ್ತಿತ್ತು. ತಪ್ಪು ಅಂತ ನಿನಗೆ ಯಾವಾಗ ಗೊತ್ತಾಯಿತು ಎಂದು ಅತ್ತೆ ಕೇಳುತ್ತಾಳೆ. ಅದಕ್ಕೆ ಉತ್ತರ ಕಳೆದ ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಲ್ಲಿಗೆ ಅತ್ತೆಯನ್ನು ಕರೆದುಕೊಂಡು ಹೋಗುವುದಕ್ಕಿಂತ ಕೊಳ್ಳೇಗಾಲದ ಸ್ಪರ್ಧೆಗೆ ಕರೆದುಕೊಂಡು ಹೋಗುವುದೇ ಸುಲಭವಾಗಿತ್ತು.

"ಕುಸುಮಾ, ಅವ್ರು ಪೋಟೋ ಎತ್ತ್‌ದೇಟ್ಗೆ ಏಳ್ಬುಡ್ಬೋದಾ, ಇಲ್ಲ ಸುಳುವು ಕೊಡಗಂಟ ಕಾಯ್ಬೇಕಾ?"

"ಫೋಟೋ ನೋಡಿ ಗೊತ್ತಾದ್ರೆ ಆಗ್ಲೇ ಹೇಳ್ಬೋದು. ಗೊತ್ತಾಗ್ದಿದ್ರೆ ಒಂದೊಂದೇ ಸುಳಿವು ಕೊಡ್ತಾರೆ."

"ನಂಗ್ಯಾಕವ್ವ ಸುಳುವು" ಎಂದಳು ಪುಟ್ಟಮಾದಮ್ಮ. ಮುಂದಿನ ಸೀಟಿನ ಹೆಂಗಸಿಗೂ ಕೇಳಲಿ ಎಂಬಂತೆ.

ಅವಳು ಜೀವಮಾನದಲ್ಲಿ ಒಂದು ಸಿನಿಮಾವನ್ನೂ ನೋಡಿದವಳಲ್ಲ. ಇಪ್ಪತ್ತೆರಡು ವರ್ಷಕ್ಕೆ ಗಂಡ ಸತ್ತ ಮೇಲೆ ಟಾಕೀಸಿನ ಒಳಗೆ ಕಾಲಿಟ್ಟಿರಲಿಲ್ಲ, ಅದಕ್ಕೆ ಮೊದಲು ಹನೂರಿನಲ್ಲಿ ಟಾಕೀಸು ಇರಲಿಲ್ಲ. ಗಂಡ ಸತ್ತವಳು ಕತ್ತಲಲ್ಲಿ ಕೂತು ಇನ್ನೊಬ್ಬರ ಸಂಸಾರ ನೋಡಿ ನಗಬಾರದು ಎಂದು ಯಾರೋ ಹೇಳಿದ್ದರು, ಅಥವಾ ಯಾರೂ ಹೇಳಿರಲಿಲ್ಲ, ಅವಳಿಗೇ ಗೊತ್ತಿತ್ತು. ಮಗ, ಕುಸುಮಳ ಗಂಡ ಶಾಂತರಾಜು, ಸಿದ್ದಮಲ್ಲಪ್ಪನವರ ತಗಡಿನ ಟಾಕೀಸಿಗೆ ಕೆಲಸಕ್ಕೆ ಸೇರಿದ ಮೇಲೆ ದಿನವೂ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದಳು. ಗೇಟಿನ ಪಕ್ಕ ಜಾಲರಿ ಹೊಡೆದ ಬೋರ್ಡು ಇತ್ತು. ಅದರೊಳಗೆ ಅವತ್ತಿನ ಸಿನಿಮಾದ ಹತ್ತು ಹನ್ನೆರಡು ಫೋಟೋಗಳನ್ನು ಪೆಟ್ಟಿಗೆಯ ರಾಶಿಯಿಂದ ಆರಿಸಿ ಶಾಂತರಾಜು ಮೊಳೆ ಹೊಡೆದು ಹಾಕುತ್ತಿದ್ದ. ಉಂಡು ಕೈ ತೊಳೆದು ತಾಯಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ ಕತೆ ಹೇಳುತ್ತಿದ್ದ. ಇವಳು ಗೌರಿ ಕಣವ್ವ. ಇಲ್ಲಿ ಬಾವಿ ತಾವು ನಿಂತವ್ಳಲ್ಲ, ಇಲ್ಲೇ ಬೀಳೋದು. ಇವ ಅಣ್ಣ, ಓಡ್ ಬತ್ತಾವ್ನೆ. ಹದಿನಾಲ್ಕು ವರ್ಷ ಹಾಗೆ ನಿಂತು ಕೇಳಿ ಅವಳಿಗೆ ನೂರಾರು ಸಿನಿಮಾ ಬಾಯಿಪಾಠವಾಗಿತ್ತು. ನೋಡಿದವರಿಗಿಂತ ಹೆಚ್ಚು ಗೊತ್ತಿತ್ತು. ನೋಡಿ ಬಂದ ಹೆಂಗಸರಿಗೇ, ಬಾವಿ ಸೀನು ನೋಡ್ಲಿಲ್ವ, ನಿದ್ದೆ ಮಾಡ್ಬುಟ್ಟಾ ಎಂದು ಕೇಳುತ್ತಿದ್ದಳು. ಅವರು ಒಪ್ಪುತ್ತಿದ್ದರು. ರೀಲು ಕಟ್ಟಾಗಿತ್ತೇನೋ ಎನ್ನುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಶಾಂತರಾಜು ಸತ್ತ ಮೇಲೆ ಹಳೆಯ ಫೋಟೋಗಳ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮಧ್ಯಾಹ್ನ ಪುಟ್ಟಮಾದಮ್ಮ ಅದನ್ನು ಎಳೆದು ನಡುಮನೆಗೆ ತಂದಳು. ಒಂದೊಂದಾಗಿ ಎತ್ತು, ನಾನ್ ಏಳ್ತೀನಿ ಎಂದಳು. ಕುಸುಮ ಎತ್ತಿ ಹಿಡಿದಳು. ತೊರೆಯಂಚಿನ ಗೌರಿ, ಅಂದಳು ಅತ್ತೆ. ಕುಸುಮ ಫೋಟೋ ತಿರುಗಿಸಿದಳು. ಬೆನ್ನ ಮೇಲೆ ಬೆಂಗಳೂರಿನ ಹಂಚಿಕೆದಾರರ ಆಫೀಸಿನ ನೀಲಿ ಮೊಹರು, ಇಂಗ್ಲಿಷಿನಲ್ಲಿ ಬೇರೊಂದು ಹೆಸರು. ಸರಿ, ಎಂದಳು. ಅಲ್ಲಿಂದ ಹನ್ನೊಂದು ತಿಂಗಳು, ಕುಸುಮ ಪಾಠ ಮಾಡುವ ಯಳಂದೂರಿನ ಕಾಲೇಜಿಗೆ ರಜೆ ಇದ್ದ ದಿನ ಮಧ್ಯಾಹ್ನ, ಇಲ್ಲದ ದಿನ ಬಸ್ಸಿಳಿದು ಬಂದ ಮೇಲೆ ಸಂಜೆ, ಅವಳು ಎತ್ತುವುದು, ತಿರುಗಿಸಿ ಓದುವುದು, ಸರಿ ಎನ್ನುವುದು. ಅತ್ತೆ ತಡವರಿಸಿದರೆ ತಾನೇ ಸುಳಿವು ಹುಟ್ಟಿಸುವುದು. ಅದನ್ನು ಕನಿಕರ ಎಂದು ಯಾರಾದರೂ ಕರೆದಿದ್ದರೆ ಅವಳು ಬೇಡ ಎನ್ನುತ್ತಿರಲಿಲ್ಲ. ಆದರೆ ಅದು ಕನಿಕರವಲ್ಲ ಎಂದು ತಿರುಗಿಸುವ ಬೆರಳುಗಳಿಗೆ ಗೊತ್ತಿತ್ತು.

ಯಳಂದೂರಿನಲ್ಲಿ ಅವಳ ಜೊತೆ ಕನ್ನಡ ಪಾಠ ಮಾಡುವ ಮಹದೇವಪ್ರಸಾದ್ ಕೊಳ್ಳೇಗಾಲದವನು. ರಾಜ್ಯೋತ್ಸವಕ್ಕೆ ಏನಾದರೂ ಹೊಸದು ಮಾಡಬೇಕು, ಹಳೇ ಚಿತ್ರ ಗುರುತಿಸೋ ಸ್ಪರ್ಧೆ ಇಟ್ಕೊಂಡಿದೀವಿ, ನಿಮ್ಮನೇಲಿ ಸ್ಟಿಲ್ ಫೋಟೋಗಳು ಇವೆಯಂತಲ್ಲ ಮೇಡಂ ಎಂದು ಹನೂರಿಗೇ ಬಂದ. ಇಲ್ಲ ಎನ್ನಬಹುದಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಪೆಟ್ಟಿಗೆ ತಂದಿದ್ದಳು. ತಕಂಡೋಗಪ್ಪ, ನನ್ ಮಗ ಕೂಡಾಕಿದ್ದು, ನಾನೂ ಬತ್ತೀನಿ. ಬನ್ನಿ ಅಜ್ಜಿ, ಬನ್ನಿ ಎಂದ. ಒಂದು ಫೋಟೋ ಮಾತ್ರ ಅತ್ತೆ ಕೊಡಲಿಲ್ಲ. ಗೋಡೆಯ ಮೇಲೆ ಶಾಂತರಾಜುವಿನ ಪಟದ ಚೌಕಟ್ಟಿಗೆ ಸಿಕ್ಕಿಸಿದ್ದು, ನಡುವೆ ಮಡಿಸಿದ ಗೆರೆ ಇದ್ದದ್ದು. ಅದು ಅವನ ಅಂಗಿ ಜೇಬಿನಲ್ಲಿ ಸಿಕ್ಕಿತ್ತು. ಪೊಲೀಸಿನವನು ವಾಚಿನ ಜೊತೆ ಕೊಟ್ಟಿದ್ದ. ನನ್ ಮಗನ್ಗೆ ಇಷ್ಟವಾದ ಪಿಚ್ಚರು, ಎದೆ ಮೇಲೆ ಮಡಿಕಂಡೇ ಓದ ಎಂದು ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಶಾಲೆಯ ಸಭಾಂಗಣದಲ್ಲಿ ಬೆಂಚು ಜೋಡಿಸಿದ್ದರು. ನೂರು ಜನವಾದರೂ ಇದ್ದರು, ಹೆಚ್ಚಿನವರು ಪೇಟೆಯವರು. ರೇಷ್ಮೆ ಅಂಗಡಿಗಳ ಗುಮಾಸ್ತರು, ಮೇಷ್ಟರುಗಳು, ಅವರ ಹೆಂಡಂದಿರು. ಕೆಲವರು ಕುಂತೂರಿನ ಸಕ್ಕರೆ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದಿದ್ದರು. ಪುಟ್ಟಮಾದಮ್ಮ ಎರಡನೆಯ ಸಾಲಿನಲ್ಲಿ ಕೂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುಸುಮ ಪಕ್ಕದಲ್ಲಿ ಕೂತಳು. ಇಲ್ಲಿಯೂ ಹೇಳಬಹುದಿತ್ತು. ಕಿವಿಯಲ್ಲಿ, ಎರಡು ಮಾತು. ಆಗ ಅವಳೊಳಗೆ ಏನೋ ಒಂದು, ಹಸಿದ ಬೆಕ್ಕು ಮೈ ಮುರಿದ ಹಾಗೆ, ನೋಡೋಣ ಎಂದಿತು. ಹನ್ನೊಂದು ತಿಂಗಳಿಂದ ಬಂದವರ ಮುಂದೆಲ್ಲ ಅತ್ತೆ ಹೇಳುವ ಮಾತು ಒಂದೇ. ಕಾಪಿ ಅರ್ಧ ಕುಡ್ದು ಮಡಗ್ ಓದ ಕಣವ್ವ ನನ್ ಮಗ, ಇವ್ಳು ಕುಡ್ಕಂಡೋಗು ಅನ್ಲಿಲ್ಲ. ಇಷ್ಟೇ. ಬೈಗುಳವಲ್ಲ. ಅದನ್ನು ಕೇಳಿ ಕೇಳಿ ಕುಸುಮಳಿಗೆ, ಅತ್ತೆಗೆ ಗೊತ್ತಿಲ್ಲದ ದೊಡ್ಡ ತಪ್ಪಿಗಿಂತ ಗೊತ್ತಿರುವ ಈ ಸಣ್ಣ ತಪ್ಪೇ ಹೆಚ್ಚು ಉರಿಯುತ್ತಿತ್ತು.

ಮಹದೇವಪ್ರಸಾದ್ ಮೊದಲ ಫೋಟೋ ಎತ್ತಿದ. ಬಾವಿಕಟ್ಟೆ, ಹೆರಳು ಬಿಚ್ಚಿದ ಹೆಂಗಸು. ಇನ್ನೂ ಎಲ್ಲರೂ ಕಣ್ಣು ಕಿರಿದು ಮಾಡುತ್ತಿರುವಾಗಲೇ ಪುಟ್ಟಮಾದಮ್ಮ ಎದ್ದು ನಿಂತಿದ್ದಳು.

"ತೊರೆಯಂಚಿನ ಗೌರಿ."

ಅವನು ಫೋಟೋ ತಿರುಗಿಸಿ ಓದಿದ. "ಅಲ್ಲ ಅಜ್ಜಿ. ಮೊದಲನೇ ಸುಳಿವು ಕೊಡ್ತೀನಿ."

ಪುಟ್ಟಮಾದಮ್ಮ ನಿಂತೇ ಇದ್ದಳು. "ಅದೇ ಕಣಪ್ಪ. ಸರ್ಯಾಗ್ ನೋಡು."

"ಇಲ್ಲಿ ಬರೆದಿದೆ ಅಜ್ಜಿ, ಗಂಧದ ಮನೆ ಅಂತ. ಅಯ್ಯೋ, ನಾನೇ ಹೇಳ್ಬುಟ್ಟೆ."

ಜನ ನಕ್ಕರು. ಅದು ಇನ್ನೂ ಒಳ್ಳೆಯ ನಗು. ಎರಡನೆಯದಕ್ಕೂ ಅವಳೇ ಮೊದಲು ಎದ್ದಳು. ತಪ್ಪು. ಮೂರನೆಯದಕ್ಕೂ. ನಾಲ್ಕನೆಯದಕ್ಕೆ ಹಿಂದಿನ ಬೆಂಚಿನಿಂದ ಯಾರೋ, ಮೊದ್ಲು ಅಜ್ಜೀನ ಕೇಳಿ ಸಾ ಎಂದರು. ಮಹದೇವಪ್ರಸಾದ್ ಒಳ್ಳೆಯವನು, ಕಾಲೇಜಿನಲ್ಲಿ ಯಾರಿಗೂ ನೋವು ಮಾಡುವವನಲ್ಲ. ಆದರೆ ಸ್ಪರ್ಧೆ ಸಪ್ಪೆಯಾಗುತ್ತಿತ್ತು, ಈಗ ಜೀವ ಬಂದಿತ್ತು. ಹೇಳಿ ಅಜ್ಜಿ, ಇದ್ಯಾವುದು ಎಂದು ಅವಳ ಕಡೆಗೇ ಫೋಟೋ ಹಿಡಿದ. ಪ್ರತಿ ಸಲ ಅವಳು ಹೆಸರು ಹೇಳಿ ಕುಸುಮಳ ಕಡೆ ನೋಡುತ್ತಿದ್ದಳು. ಮನೆಯಲ್ಲಿ ನೋಡುತ್ತಿದ್ದ ಹಾಗೆ, ಸರಿ ಎನ್ನುವ ಮಾತಿಗಾಗಿ. ಕುಸುಮ ತನ್ನ ಮಡಿಲಲ್ಲಿದ್ದ ಬಸ್ಸಿನ ಟಿಕೆಟ್ಟನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಿಸುತ್ತಿದ್ದಳು. ಡಿಸೆಂಬರಿನ ಆ ಭಾನುವಾರವೂ ಅವಳು ತಲೆ ಎತ್ತಿರಲಿಲ್ಲ. ಮುಂದೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು, ಕೈಯಲ್ಲಿ ಕೆಂಪು ಪೆನ್ನಿತ್ತು. ಸಿದ್ದಮಲ್ಲಪ್ಪನವರು ಹನೂರು, ಕೌದಳ್ಳಿ ಎರಡು ಕಡೆಯ ಟಾಕೀಸಿಗೂ ಒಂದೇ ಪ್ರಿಂಟು ತರಿಸುತ್ತಿದ್ದರು. ಹನೂರಿನಲ್ಲಿ ಎರಡು ಗಂಟೆಗೆ ಆಟ ಶುರು. ಅರ್ಧ ಓಡಿದ ಮೇಲೆ ಓಡಿದ ರೀಲುಗಳ ಡಬ್ಬ ಬೈಕಿಗೆ ಕಟ್ಟಿಕೊಂಡು ಶಾಂತರಾಜು ಹೊರಡಬೇಕು, ನಾಲ್ಕಕ್ಕೆ ಕೌದಳ್ಳಿಯಲ್ಲಿ ಆಟ ಶುರುವಾಗಬೇಕು. ತಡವಾದರೆ ಅಲ್ಲಿಯ ಜನ ತಗಡು ಬಡಿಯುತ್ತಾರೆ. ಹಾಗಾಗಿ ಯಾವ ಸಿನಿಮಾವನ್ನೂ ಅವನು ಕೂತು ಪೂರ್ತಿ ನೋಡಿದವನಲ್ಲ. ಮನೆ ಆ ದಾರಿಯಲ್ಲೇ. ಕಾಫಿಗೆ ನಿಲ್ಲುತ್ತಿದ್ದ. ಅವತ್ತು ಅತ್ತೆ ಹಿತ್ತಲಲ್ಲಿದ್ದಾಗ, ಕಾಫಿಯ ಲೋಟದ ಜೊತೆ ಒಂದು ಫೋಟೋ ಹಿಡಿದು ಬಂದಿದ್ದ. ತಾಯಿಯ ಜೊತೆ ಆಡುವ ಆಟವನ್ನು ಹೆಂಡತಿಯ ಜೊತೆ ಆಡುವ ಆಸೆ, ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ.

"ಇದ್ಯಾವ ಪಿಚ್ಚರು ಏಳು ನೋಡನ" ಎಂದಿದ್ದ.

ಅವಳು ಮೈಸೂರಿನಲ್ಲಿ ಎಂ.ಎ. ಮಾಡುವಾಗ ಶನಿವಾರಗಳಂದು ವಿಶ್ವವಿದ್ಯಾನಿಲಯದ ಫಿಲ್ಮ್ ಸೊಸೈಟಿಯಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತು ಹಳೆಯ ಸಿನಿಮಾ ನೋಡಿದ್ದಳು. ಆಮೇಲೆ ಚರ್ಚೆ ಇರುತ್ತಿತ್ತು. ಒಂದು ಚೌಕಟ್ಟಿನಲ್ಲಿ ಬೆಳಕು ಎಲ್ಲಿಂದ ಬರುತ್ತದೆ ಎಂದು ಅರ್ಧ ಗಂಟೆ ಮಾತಾಡುವವರಿದ್ದರು. ತೊಟ್ಟಿಲಲ್ಲೇ ಮಾತಾಗಿದೆ ಎಂದು ಅಪ್ಪ ಅವಳನ್ನು ಸೋದರತ್ತೆಯ ಮಗನಿಗೆ, ಏಳನೆಯ ಕ್ಲಾಸಿಗೆ ಬಿಟ್ಟವನಿಗೆ ಕೊಟ್ಟ. ಅವಳು ಅಳಲಿಲ್ಲ. ಅಳದೆ ಇರುವುದನ್ನು ನಾಲ್ಕು ವರ್ಷ ಅವನ ಕಣ್ಣಿಗೆ ಬೀಳುವ ಹಾಗೆ ಮಾಡಿದಳು.

ಆನೆ ಇದ್ದ ಏಳನೆಯ ಫೋಟೋಗೆ ಸಭೆ ಮೊದಲೇ ನಗಲು ತಯಾರಾಗಿತ್ತು. ಪುಟ್ಟಮಾದಮ್ಮ ಎದ್ದಳು. ದನಿ ಸಣ್ಣದಾಗಿತ್ತು. "ಏಳುಬಾವಿ ಸಿದ್ಧ."

"ಹೌದು ಸಾ" ಎಂದು ಪಕ್ಕದ ಸಾಲಿನಿಂದ ಒಬ್ಬ ಎದ್ದ. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುವ ಮಾದಸ್ವಾಮಿ. "ಅಜ್ಜಿ ಏಳ್ತಿರೋದು ದಿಟ. ಅನೂರಲ್ಲಿ ಆ ಪಿಚ್ಚರ್ ಬಂದಾಗ ಇದೇ ಪೋಟೋ ಆಕಿದ್ರು. ಈ ಆನೆ ಎಲ್ಲಿ ಬತ್ತದೋ ಅಂತ ನಾನು ಕೊನೇಗಂಟ ಕಾದೆ. ಬರ್ಲೇ ಇಲ್ಲ."

ಹಿಂದಿನಿಂದ ಒಬ್ಬ, "ಅಂಗಾರೆ ಅನೂರ್‌ನವ್ರು ಇವತ್ತಿನ್‌ಗಂಟ ನೋಡಿರೋದೆಲ್ಲ ಬ್ಯಾರೆ ಪಿಚ್ಚರೇ" ಎಂದ. ಸಭಾಂಗಣವೆಲ್ಲ ನಗೆಯಲ್ಲಿ ಒಡೆಯಿತು. ಕುಂತೂರಿನವನೊಬ್ಬ ಬೆಂಚು ಕುಟ್ಟಿದ. "ಯಾವನ್ಲಾ ಅವ್ನು ಬೋರ್ಡ್ ಕಟ್ತಿದ್ದೋನು?" "ಶಾಂತರಾಜು ಅಂತ ಒಬ್ಬ ಇದ್ದ. ಟ್ರಾಕ್ಟ್ರಿಗೆ ಸಿಕ್ಕಿ ಓದ್ನಲ್ಲ, ಅವ." "ಭಾರಿ ಆಸಾಮಿ. ಇಡೀ ಊರ್ಗೇ ಟೋಪಿ ಆಕವ್ನೆ." ಮಾದಸ್ವಾಮಿಯೂ ನಗುತ್ತಿದ್ದ. ಅವನಿಗೆ ಈಗಷ್ಟೇ ಅರ್ಥವಾಗಿತ್ತು, ಅರ್ಥವಾದದ್ದಕ್ಕೆ ಸಂತೋಷವಾಗಿತ್ತು.

ಪುಟ್ಟಮಾದಮ್ಮ ಈ ಸಲ ಕುಸುಮಳ ಕಡೆ ನೋಡಲಿಲ್ಲ. ಸೆರಗನ್ನು ಸೊಂಟದಿಂದ ಬಿಡಿಸಿ ತಲೆ ಮೇಲೆ ಹೊದ್ದು ಕೂತಳು. ಕೊನೆಯಲ್ಲಿ ಅತಿ ಹೆಚ್ಚು ಸಲ ಎದ್ದು ನಿಂತವರಿಗೆ ಎಂದು ಒಂದು ವಿಶೇಷ ಬಹುಮಾನ ಇದ್ದಕ್ಕಿದ್ದ ಹಾಗೆ ಹುಟ್ಟಿತು. ಒಂದು ಸ್ಟೀಲಿನ ಲೋಟ. ಮಹದೇವಪ್ರಸಾದ್ ಕೆಳಗಿಳಿದು ಬಂದು ಎರಡೂ ಕೈಯಲ್ಲಿ ಕೊಟ್ಟ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಮೊದಲನೆಯ ಬಹುಮಾನಕ್ಕೂ ಅಷ್ಟು ತಟ್ಟಿರಲಿಲ್ಲ. "ತಪ್ಪು ತಿಳ್ಕೋಬೇಡಿ ಮೇಡಂ, ತಮಾಷೆ" ಎಂದ ಕುಸುಮಳಿಗೆ. ಪೆಟ್ಟಿಗೆಯನ್ನೂ ಕೊಟ್ಟ. ಅವಳು ಪರವಾಗಿಲ್ಲ ಎಂದಳು. ಅದು ಬಾಯಿಮಾತಲ್ಲ, ನಿಜವೇ ಆಗಿತ್ತು. ನೋಡೋಣ ಎಂದ ಬೆಕ್ಕು ಹೊಟ್ಟೆ ತುಂಬಿ ಮಲಗಿತ್ತು. ಅವಳು ಅದರ ಪಕ್ಕದಲ್ಲಿ, ಏನೂ ಅನಿಸದೆ, ಅತ್ತೆಯ ಚಪ್ಪಲಿ ಹುಡುಕುತ್ತಿದ್ದಳು.

ವಾಪಸ್ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹರಕೆ ಹೊತ್ತು ಬೆಟ್ಟಕ್ಕೆ ಹೋಗುವವರ ಗಂಟುಗಳ ನಡುವೆ ಇಬ್ಬರೂ ಕಂಬ ಹಿಡಿದು ನಿಂತರು. ಒಂದೇ ಕಂಬ, ಕೆಳಗೆ ಅತ್ತೆಯ ಕೈ, ಮೇಲೆ ಅವಳ ಕೈ. ಕಬ್ಬು ತುಂಬಿದ ಟ್ರಾಕ್ಟರು ಎದುರಾದಾಗ ಡ್ರೈವರು ಬಸ್ಸನ್ನು ಅಂಚಿಗಿಳಿಸಿದ. ಕಬ್ಬಿನ ತುದಿಗಳು ಕಿಟಕಿಯ ಸರಳುಗಳನ್ನು ಸವರಿಕೊಂಡು ಹೋದವು. ಪುಟ್ಟಮಾದಮ್ಮ ಕಣ್ಣು ಮುಚ್ಚಲಿಲ್ಲ. ಕುಸುಮ ಮುಚ್ಚಿದಳು. ಮೂರೂವರೆಗೆ ಕೌದಳ್ಳಿ ರಸ್ತೆಯ ತಿರುವಿನಲ್ಲಿ ಶಾಂತರಾಜು ಇಂಥದೇ ಒಂದನ್ನು ಹಿಂದೆ ಹಾಕಲು ಹೋದ ಎಂದು ಹೇಳಿದ್ದರು. ಯಾಕಪ್ಪ ಅಷ್ಟು ಆತುರ, ಅವ ಯಾವತ್ತೂ ನಿಧಾನಸ್ಥ, ಎಂದೂ ಹೇಳಿದ್ದರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪುಟ್ಟಮಾದಮ್ಮ ಕಾಲು ತೊಳೆದು ನಡುಮನೆಯಲ್ಲಿ ಗೋಡೆಗೆ ಒರಗಿದಳು. ಲೋಟವನ್ನು ಸೊಸೆಯ ಕಡೆ ದೂಡಿದಳು.

"ಇದ್ರಲ್ಲೇ ಕಾಪಿ ತಕಂಬಾ."

ಕುಸುಮ ತಂದಳು. ಲೋಟಕ್ಕೆ ಅಂಟಿಸಿದ ಅಂಗಡಿಯ ಚೀಟಿ ಬಿಸಿಗೆ ಮೆತ್ತಗಾಗಿತ್ತು. ಅತ್ತೆ ಒಂದು ಗುಟುಕು ಕುಡಿದು ಕೆಳಗಿಟ್ಟಳು.

"ನಿಂಗೆ ಇಂಗ್ಲೀಸು ಬತ್ತದಲ್ಲ."

"ಬತ್ತದೆ."

"ದಿನಾ ತಿರುಗ್ಸಿ ನೋಡ್ತಿದ್ದಲ್ಲ."

"ನೋಡ್ತಿದ್ದೆ."

"ಸರಿ ಅಂತಿದ್ದೆ."

"ಹೂಂ."

ಪುಟ್ಟಮಾದಮ್ಮ ಗೋಡೆಯ ಮೇಲಿನ ಮಗನ ಪಟದ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದು ಕುಸುಮ ಕಾದಳು. ಬೈದರೆ ಮುಗಿಯುತ್ತಿತ್ತು.

"ನೀನು ಏನಾರ ಅನ್ಕೊ, ಬುಡು. ನಂಗೊಂದ್ ಏಳು. ಅವನ್ಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ನಿಲ್ಸ್ಕಂಡು ಸುಳ್ಳೇಳ್ತಿದ್ನಾ, ಅವ್ರು ನಕ್ಕಂಗೆ ಅವ್ನೂ ಒಳಗೊಳಗೇ ನಗ್ತಿದ್ನಾ?"

ಇಲ್ಲ ಎಂದರೆ ಸಾಕು. ಆದರೆ ಇಲ್ಲ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಹೌದು ಎಂದರೂ ಸಾಕು, ಅಲ್ಲಿಗೆ ನಿಲ್ಲುತ್ತದೆ. ಸತ್ತವನು ತಾಯಿಯನ್ನು ನೋಡಿ ನಕ್ಕವನಾಗಿ ಉಳಿಯುತ್ತಾನೆ, ನಾನು ಹನ್ನೊಂದು ತಿಂಗಳು ಸರಿ ಎಂದ ಸೊಸೆಯಾಗಿ ಉಳಿಯುತ್ತೇನೆ. ಆ ಹೌದು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದರ ರುಚಿ ಕೆಟ್ಟದಾಗಿರಲಿಲ್ಲ ಎಂದೇ ಅವಳಿಗೆ ಹೆದರಿಕೆಯಾಯಿತು.

"ಅತ್ತೆ, ಫೋಟೋ ಇಲ್ದೆ ಒಂದು ಹೇಳ್ತೀನಿ. ಬರೀ ಸುಳಿವು. ಯಾವ್ದು ಅಂತ ನೀನು ಹೇಳು."

"ಏಳು."

"ಹೆಂಡತಿ ನೆಲದ ಮೇಲೆ ಕೂತವ್ಳೆ. ಮುಂದ್ಗಡೆ ಕಾಗದದ ಕಟ್ಟು. ಗಂಡ ಬಾಗಿಲಲ್ಲಿ ನಿಂತವ್ನೆ. ಒಂದ್ ಕೈಲಿ ಕಾಫಿ, ಒಂದ್ ಕೈಲಿ ಫೋಟೋ."

ಅತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಇದ್ಯಾವುದು ಹೇಳು ಅಂತ ಅವ್ಳನ್ನ ಕೇಳ್ತಾನೆ. ಅವ್ಳು ಫೋಟೋ ಇಸ್ಕೊಂಡು ಹಿಂದ್ಗಡೆ ತಿರುಗಿಸ್ತಾಳೆ. ನೀನು ಅಂದ್ಕೊಂಡಿರೋ ಪಿಚ್ಚರಲ್ಲ ಇದು ಬಾವ, ಹಿಂದ್ಗಡೆ ಬರೆದದೆ, ಓದು ಅಂತಾಳೆ."

"ಅವನ್ಗೆ ಓದಕ್ ಬತ್ತದಾ?"

"ಇಂಗ್ಲಿಷ್ ಬರಲ್ಲ. ಯಾರ್ಗೂ ಹೇಳಿರಲ್ಲ. ಮುಖ ನೋಡಿ, ಸೀರೆ ನೋಡಿ ಜೋಡಿಸ್ಕೊಂಡಿರ್ತಾನೆ, ಸರಿಯಾಗೇ ಜೋಡಿಸಿದ್ದೀನಿ ಅಂದ್ಕೊಂಡಿರ್ತಾನೆ. ಅವ್ಳಿಗೂ ಆಗ್ಲೇ ಗೊತ್ತಾಗೋದು. ಗೊತ್ತಾದ್ಮೇಲೂ ಬಿಡಲ್ಲ. ಕೆಂಪು ಪೆನ್ನಲ್ಲಿ ಒಂದೊಂದೇ ಅಕ್ಷರ ತೋರಿಸ್ತಾಳೆ. ಹೊತ್ತಾಯ್ತು ಅಂತಾನೆ. ಒಂದ್ ಹೆಸರು ಓದಕ್ಕೆ ಎಷ್ಟೊತ್ತು ಬೇಕು ಅಂತಾಳೆ. ಅವನು ಕೂಡಿಸಿ ಕೂಡಿಸಿ ಓದ್ತಾನೆ. ತಪ್ಪಾಗುತ್ತೆ. ಅವ್ಳು ನಗ್ತಾಳೆ. ಐದು ನಿಮಿಷ."

ಬೀದಿಯಲ್ಲಿ ಯಾರೋ ಎತ್ತನ್ನು ಗದರಿಸಿಕೊಂಡು ಹೋದರು. ಕುಸುಮಳಿಗೆ ತನ್ನ ದನಿ ಪಾಠ ಒಪ್ಪಿಸುವವಳ ದನಿಯಂತೆ ಕೇಳಿಸುತ್ತಿತ್ತು.

"ಆಮೇಕೆ?"

"ಕಾಫಿ ಇಟ್ಟು ಹೊರಡ್ತಾನೆ. ಸಂಜೆ ಬಂದು ಒಪ್ಪಿಸ್ಬೇಕು, ಕಲಿತ್ಕೊಂಡ್ ಬಾ ಅಂತ ಅವ್ಳು ಹಿಂದಿಂದ ಕೂಗ್ತಾಳೆ."

"ಮುಗೀತಾ?"

"ಇನ್ನೊಂದು ಸುಳಿವು ಅದೆ. ಅವನು ಆ ಫೋಟೋನ ಮಡಿಸಿ ಅಂಗಿ ಜೇಬಿಗೆ ಇಟ್ಕೊತಾನೆ."

ಪಟದ ಚೌಕಟ್ಟಿಗೆ ಸಿಕ್ಕಿಸಿದ, ನಡುವೆ ಗೆರೆ ಬಿದ್ದ ಚಿತ್ರ ಪುಟ್ಟಮಾದಮ್ಮನ ಕಣ್ಣಿನ ನೇರಕ್ಕೇ ಇತ್ತು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೈ ಚಾಚಿ ಲೋಟ ತೆಗೆದುಕೊಂಡು, ಆರಿದ ಕಾಫಿಯನ್ನು ಒಂದು ಹನಿ ಬಿಡದೆ ಕುಡಿದಳು. ಖಾಲಿ ಲೋಟವನ್ನು ಸೊಸೆಯ ಮುಂದೆ ಬೋರಲು ಹಾಕಿದಳು.

"ಗೊತ್ತಾಗ್ಲಿಲ್ಲ ಕಣವ್ವ" ಎಂದಳು. "ನಾಳೀಕೆ ಇನ್ನೊಂದ್ಸಲ ಏಳು."